ಬೆಡ್‌ಶೀಟ್ ಮಡಚುವಾಗ ಹೇಳಿದ ಮಾತು

ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಕೆಲಸ. ಒಣಗಿದ ಬೆಡ್‌ಶೀಟಿನ ಎರಡು ಮೂಲೆ ಅತ್ತೆಯ ಕೈಯಲ್ಲಿ, ಎರಡು ಸೊಸೆಯ ಕೈಯಲ್ಲಿ. ಜಗ್ಗಿ, ಕೊಡವಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಯಂತ್ರಗಳ ಗದ್ದಲದಲ್ಲಿ ಮಾತು ಕಿವಿಗೆ ಬೀಳುವುದು ಹಾಗೆ ಹತ್ತಿರ ಬಂದಾಗ ಮಾತ್ರ. ಹಾಗಾಗಿ ಇವರ ಜಗಳ, ನಗು ಎಲ್ಲವೂ ಕಂತಿನಲ್ಲೇ ನಡೆಯುತ್ತಿತ್ತು.

ಆ ದಿನ ಬೆಳಗಿನಿಂದ ಸೊಸೆಯ ಮನಸ್ಸು ಕೆಲಸದಲ್ಲಿರಲಿಲ್ಲ. ಮಗಳು ಶಾಲೆಗೆ ಹೋಗತೊಡಗಿದರೂ ಎರಡನೆಯದು ಯಾಕಾಗಲಿಲ್ಲ ಎಂದು ಕೇಳಲು ಅತ್ತೆ ಸಂಜೆಗೆ ಡಾಕ್ಟರ್ ಹತ್ತಿರ ಹೆಸರು ಬರೆಸಿದ್ದಳು. ಯಾಕಾಗಲಿಲ್ಲ ಎಂಬುದು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಕಾಪರ್-ಟಿ ಹಾಕಿಸಿಕೊಂಡು ಬಂದವಳು ಅವಳೇ. ಡಾಕ್ಟರ ಬಾಯಿಂದ ತಿಳಿಯುವುದಕ್ಕಿಂತ ತನ್ನ ಬಾಯಿಂದಲೇ ತಿಳಿಯಲಿ ಎಂದುಕೊಂಡಿದ್ದಳು. ಆದರೆ ಬಾಯಿ ತೆರೆಯುವುದು ಹೇಗೆ?

“ಪಕ್ಕದ ಇಸ್ತ್ರಿ ಟೇಬಲ್ಲಿನವಳು ಕೇಳಿದ್ಳು ಕಣೇ,” ಮೂಲೆಗಳು ಕೂಡಿದಾಗ ಅತ್ತೆ ಅಂದಳು. “ನಿನ್ನ ಸೊಸೆ ಒಂದಕ್ಕೇ ಅಂಗಡಿ ಮುಚ್ಚಿದ್ಳಾ ಅಂತ. ಮೈಯೆಲ್ಲ ಉರಿದುಹೋಯ್ತು ನಂಗೆ.”

ದೂರ ಸರಿದರು. ಮತ್ತೆ ಹತ್ತಿರ ಬಂದರು.

“ಮುಚ್ಚಿದೀನಿ ಅತ್ತೆ,” ಅಂದುಬಿಟ್ಟಳು ಸೊಸೆ. “ಕಾಪರ್-ಟಿ ಹಾಕಿಸ್ಕೊಂಡಿದೀನಿ. ನಿಮ್ಮ ಮಗನಿಗೂ ಗೊತ್ತಿಲ್ಲ.”

ಅತ್ತೆ ಇನ್ನೊಂದು ಬೆಡ್‌ಶೀಟು ಎತ್ತಿ, ಎಂದಿಗಿಂತ ಜೋರಾಗಿ ಜಗ್ಗಿದಳು. ಅದನ್ನು ಮಡಚುತ್ತ ಹತ್ತಿರ ಬಂದಾಗ ಕೇಳಿದಳು,

“ಯಾಕೆ?”

“ಮೊದಲನೇದು ಹೊಟ್ಟೇಲಿದ್ದಾಗ ಹೋಟೆಲಿನವರು ಕೆಲಸ ಬಿಡಿಸಿದ್ರಲ್ಲ. ಮತ್ತೆ ಸೇರೋಕೆ ಎಷ್ಟು ಅಲೆದೆ, ನೀವೇ ನೋಡಿದೀರ. ನಿಮ್ಮ ಮಗನ ದುಡಿಮೆ ಇವತ್ತಿದ್ರೆ ನಾಳೆ ಇಲ್ಲ. ಈಗ ಬೇಡ ಅಂತ ಅಷ್ಟೇ. ಬೇಡವೇ ಬೇಡ ಅಂತಲ್ಲ.”

“ಹಾಕಿಸ್ಕೊಂಡಿದ್ದು ಯಾವತ್ತು?”

“ಬಗ್ಗೋಕಾಗಲ್ಲ ಅಂದಾಗ ಮೈಗಳ್ಳಿ ಅಂತ ಬೈದಿರಲ್ಲ, ಅವತ್ತು.”

ಅತ್ತೆಯ ಕೈ ನಿಂತಿತು. “ಒಬ್ಬಳೇ ಹೋಗಿ ಬಂದು ಒದ್ದೆ ಬಟ್ಟೆ ಎತ್ತಿದ್ಯಾ? ನಾನೇನು ಹುಲಿಯೇನೇ, ತಿಂದುಬಿಡ್ತಿದ್ನಾ?”

“ಅರ್ಧ ಹುಲಿ,” ಅಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

ಅತ್ತೆಗೆ ನಗು ಬಂತು. ನಗು ಬಂದದ್ದಕ್ಕೇ ಸಿಟ್ಟೂ ಬಂತು. “ಇನ್ನೊಂದು ಮೊಮ್ಮಗು ಬೇಕೇ ಬೇಕು ಕಣೇ ನಂಗೆ. ಆ ಆಸೆ ಬಿಟ್ಟಿಲ್ಲ, ತಿಳ್ಕೋ. ನಿನ್ನ ಗಂಡನಿಗೆ ಇವತ್ತೇ ಹೇಳು. ಅವನು ಕೂಗಾಡಿದ್ರೆ ನಾನಿದೀನಿ.”

ಡಾಕ್ಟರ್ ಹತ್ತಿರ ಹೋಗುವುದನ್ನು ಮಾತ್ರ ಅತ್ತೆ ಬಿಡಲಿಲ್ಲ. ಒಳಗಿಟ್ಟದ್ದು ಸರಿಯಾಗಿದೆಯೋ ಇಲ್ಲವೋ ನೋಡಿಸಬೇಕಂತೆ. ಸಂಜೆ ಡಾಕ್ಟರ ಕೋಣೆಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಸೊಸೆಗೆ ಒತ್ತಿಕೊಂಡು ಕೂತವಳು ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ಬೇರೆ ಯಾರಿಗೂ ಕೇಳಿಸದ ಹಾಗೆ ಅಂದಳು, “ಐದು ಹೆತ್ತೆ ನಾನು. ಈಗ ಬೇಡ ಅನ್ನಬಹುದು ಅಂತ ಒಬ್ಬರೂ ಹೇಳಲಿಲ್ಲ ನೋಡು.”

ಸೊಸೆಯ ಕಡೆ ತಿರುಗಿ ಕೇಳಿದಳು, “ಹಾಕುವಾಗ ತುಂಬಾ ನೋವಾಯ್ತೇನೇ?”

“ಸ್ವಲ್ಪ, ಅತ್ತೆ.”

ಅತ್ತೆ ಸೊಸೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಒಳಗಿನಿಂದ ಕರೆ ಬರುವ ತನಕ ಬಿಡಲಿಲ್ಲ.