ಮುಚ್ಚಿಟ್ಟ ಮೂರೆಲೆ

ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ನನ್ನ ಮೂರು ಇಸ್ಪೀಟೆಲೆಗಳು ಬೋರಲು ಬಿದ್ದಿದ್ದವು. ನಾನು ಅವನ್ನು ನೋಡಿರಲಿಲ್ಲ, ನೋಡುವ ಇರಾದೆಯೂ ಇರಲಿಲ್ಲ. ಎದುರಿಗೆ ಕೂತವನು ಶಿವಬಸಪ್ಪ, ನನ್ನ ಹೆಂಡತಿಯ ಅಣ್ಣ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊರಿನ ಕ್ಲಬ್ಬಿನಲ್ಲಿ ದಿನವೂ ಮಧ್ಯಾಹ್ನ ಊಟವಾದ ಮೇಲೆ ರಾತ್ರಿಯವರೆಗೂ ಮೂರೆಲೆ ಆಟ. ಹನ್ನೊಂದು ವರ್ಷದಲ್ಲಿ ನಾನು ಒಂದು ದಿನವೂ ತಪ್ಪಿಸಿದವನಲ್ಲ. ಕಿಟಕಿ ಪಕ್ಕದ ಆ ಕುರ್ಚಿ ಬಿಟ್ಟರೆ ನನಗೆ ಮರ್ಯಾದೆ ಸಿಗುವ ಜಾಗ ಊರಲ್ಲಿ ಬೇರೆ ಇರಲಿಲ್ಲ. ಶಿವಬಸಪ್ಪ ಅಲ್ಲಿಗೆ ಸೇರಿ ಆರು ತಿಂಗಳಾಗಿತ್ತಷ್ಟೆ. ಬಂದ ದಿನದಿಂದ ನನ್ನನ್ನು ಕುಟುಕುವುದೇ ಅವನ ಕಸುಬು. ಆ ದಿನ ಎಲ್ಲರೆದುರು ನನ್ನನ್ನು ಮನೆ ಮರೆತವನು ಎಂದ. ನಾನು ಸವಾಲು ಹಾಕಿದೆ: ಒಂದೇ ಆಟ, ಸೋತವನು ಮತ್ತೆ ಇಲ್ಲಿ ಕಾಲಿಡಬಾರದು. ಅವನು ಒಪ್ಪಿಕೊಂಡ.

ಎಲೆ ನೋಡದೆ ಆಡುವುದಕ್ಕೆ ಬ್ಲೈಂಡ್ ಎನ್ನುತ್ತಿದ್ದೆವು. ನೋಡಿ ಆಡುವವನು ಅದರ ಎರಡರಷ್ಟು ಪಣದ ಬಿಲ್ಲೆ ಇಡಬೇಕು. ಕೊನೆಯವರೆಗೂ ಬ್ಲೈಂಡ್ ಆಡಿದರೆ, ನಿನ್ನನ್ನು ಸೋಲಿಸಲು ನನಗೆ ಎಲೆ ನೋಡುವ ಅಗತ್ಯವೂ ಇಲ್ಲ ಎಂದು ಮುಖಕ್ಕೆ ಹೇಳಿದಂತೆ. ಅದಕ್ಕೇ ಅವತ್ತು ನಾನು ಹಾಗೆ ಆಡಿದ್ದು. ಆ ಮೇಜಿಗೆ ಇನ್ನೊಂದು ಕಟ್ಟುಪಾಡಿತ್ತು. ಆಟ ಬಿಟ್ಟವನು ಮುಚ್ಚಿಟ್ಟ ಎಲೆಯನ್ನು ಯಾರೂ ತಿರುಗಿಸಿ ನೋಡಬಾರದು. ನೋಡಿದವನ ಆಟ ರದ್ದು, ಕ್ಲಬ್ಬಿನ ಸದಸ್ಯರ ಪಟ್ಟಿಯಿಂದ ಹೆಸರೂ ರದ್ದು. ಸೋತವನ ಮಾನ ಅವನ ಜೊತೆಗೇ ಹೋಗಲಿ ಎಂದು ಹಳಬರು ಮಾಡಿದ್ದು.

ಶಿವಬಸಪ್ಪ ತನ್ನ ಎಲೆ ನೋಡಿಕೊಂಡ. ನಾನು ಇಟ್ಟಂತೆಲ್ಲ ಅವನು ಎರಡರಷ್ಟು ಇಟ್ಟ. ಐದನೆಯ ಸುತ್ತಿಗೆ ಮೇಜಿನ ನಡುವೆ ಬಿಲ್ಲೆಗಳ ಗುಡ್ಡೆಯೇ ಆಯಿತು. ಆದರೂ ಹಟಕ್ಕೆ ಬಿದ್ದು ಎಲೆ ಮುಟ್ಟಲಿಲ್ಲ. ಆರನೆಯ ಸುತ್ತಿನಲ್ಲಿ ಅವನು ಎಲೆಗಳನ್ನು ಮುಚ್ಚಿಟ್ಟು, ಪ್ಯಾಕ್, ಆಟ ಬಿಟ್ಟೆ, ಎಂದು ಹೇಳಿ ಎದ್ದ.

ನನ್ನವನ್ನು ತೆರೆದೆ: ಎರಡು, ಐದು, ಒಂಬತ್ತು. ಬಣ್ಣವೂ ಕೂಡಿರಲಿಲ್ಲ. ಸುತ್ತ ಕೂತವರು ಬಿದ್ದು ಬಿದ್ದು ನಕ್ಕರು. ಗೆದ್ದೆ, ಸುಮ್ಮನಿರಬೇಕಿತ್ತು. ಆದರೆ ಇಂಥ ಕಸಕ್ಕೆ ಹೆದರಿದವನ ಕೈಯಲ್ಲಿ ಇನ್ನೆಂಥ ಕಸವಿತ್ತೆಂದು ನಾಲ್ಕು ಜನಕ್ಕೆ ತೋರಿಸದೆ ನನ್ನ ಹೊಟ್ಟೆ ತಣ್ಣಗಾಗುವಂತಿರಲಿಲ್ಲ. ಅವನ ಎಲೆಗಳನ್ನು ತಿರುಗಿಸಿಬಿಟ್ಟೆ.

ಮೂರೂ ರಾಜರು. ಅದನ್ನು ಮೀರಿಸಲು ಮೂರು ಎಕ್ಕವೇ ಬೇಕು.

ನಗು ನಿಂತುಹೋಯಿತು. ತಲೆಯೆತ್ತಿದರೆ ಶಿವಬಸಪ್ಪ ಹೋಗಿರಲೇ ಇಲ್ಲ. ಬಾಗಿಲಲ್ಲಿ ಕೈಕಟ್ಟಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ಕ್ಲಬ್ಬಿನ ಕಾರ್ಯದರ್ಶಿ ಹಾಲಪ್ಪನವರು ಪಟ್ಟಿ ತರಿಸಿ, ನನ್ನ ಮುಖ ನೋಡದೆ ಹೆಸರು ಹೊಡೆದುಹಾಕಿದರು. ಆಟ ರದ್ದಾದ್ದರಿಂದ ಶಿವಬಸಪ್ಪ ಹೋಗಬೇಕಿಲ್ಲ ಎಂದರು. ಬೇಕೆಂದೇ ಎಲೆ ಬಿಟ್ಟೆಯಾ ಎಂದು ಬಾಗಿಲಲ್ಲಿ ಅವನನ್ನು ಕೇಳಿದೆ.

"ನಾನು ಗೆದ್ದಿದ್ರೆ ನಾಳೆ ಇನ್ನೊಂದು ಸವಾಲು ಹಾಕ್ಕೊಂಡು ಬರ್ತಿದ್ರಿ, ಭಾವ. ನಿಮ್ ಕೈ ಸುಮ್ನಿರಲ್ಲ ಅಂತ ಗೊತ್ತಿತ್ತು," ಎಂದ. "ಮನೆಗ್ ಹೋಗಿ. ನನ್ ತಂಗಿ ಒಬ್ಳೇ ಇದಾಳೆ."

ಇವತ್ತಿಗೂ ನಾನು ಅವನನ್ನು ಕ್ಷಮಿಸಿಲ್ಲ. ದಾರಿಯುದ್ದಕ್ಕೂ ಅವನ ವಂಶವನ್ನೆಲ್ಲ ಬೈದುಕೊಂಡು ಮನೆ ಸೇರಿದಾಗ ಇನ್ನೂ ನಾಲ್ಕಾಗಿರಲಿಲ್ಲ. ಬಾಗಿಲು ತಟ್ಟಿದೆ. ಒಳಗಿನಿಂದ ನನ್ನ ಹೆಂಡತಿ, ಅಗಳಿ ತೆಗೆಯದೆಯೇ, ದಿನವೂ ಹೇಳಿ ಅಭ್ಯಾಸವಾದ ದನಿಯಲ್ಲಿ ಹೇಳಿದಳು:

"ಯಜಮಾನ್ರು ಮನೇಲಿಲ್ಲ. ರಾತ್ರಿ ಬರ್ತಾರೆ, ಆಗ ಬನ್ನಿ."

ಮತ್ತೊಮ್ಮೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತು.