ಚಿತ್ರಲಿಂಗಪ್ಪನವರ ದೃಷ್ಟಿ ತೆಗೆದದ್ದು

"ಲೇ ಚಕ್ಕಗಳಾ, ಹಿಂದಕ್ ಹೋಗ್ರಲೇ! ಮುಂದಿನ ಕುರ್ಚಿಗೇನಾರ ಮುಕುಳಿ ಊರಿದ್ರೆ ನೋಡ್ರಿ ಮತ್ತೆ, ಅವು ದೊಡ್ಡೋರಿಗೆ!"

ಕಲ್ಯಾಣ ಮಂಟಪದ ಕಾವಲುಗಾರ ಜುಂಜಯ್ಯ ನಮ್ಮನ್ನು ಹೀಗೆ ಬರಮಾಡಿಕೊಂಡದ್ದು ಯಾವ ಸಮಾರಂಭಕ್ಕೆ ಎಂಬುದು ಅವನ ತಲೆಯ ಮೇಲೆಯೇ ಬ್ಯಾನರಿನಲ್ಲಿ ತೂಗುತ್ತಿತ್ತು: 'ಲಿಂಗತ್ವ ಅಲ್ಪಸಂಖ್ಯಾತರಿಗೆ ಮಾನಸಿಕ ನೆರವು ಶಿಬಿರ, ಹೊಸದುರ್ಗ.' ಬ್ಯಾನರಿನ ಮುಕ್ಕಾಲು ಪಾಲು ಮುಖ್ಯ ಅತಿಥಿ ಚಿತ್ರಲಿಂಗಪ್ಪನವರ ಮುಖ. ಉಳಿದ ಮೂಲೆಯಲ್ಲಿ ನಾವಿದ್ದೆವು. ಅಂದರೆ, ಮೊಬೈಲಿನಿಂದ ಇಳಿಸಿದ ಯಾರೋ ಉತ್ತರದ ಕಡೆಯವರು ನಮ್ಮ ಪರವಾಗಿ ನಗುತ್ತಿದ್ದರು.

"ನಮ್ಮ ಮನಸ್ಸಿಗೆ ನೆರವು ಕೊಡಾಕೆ ಕರ್ದವ್ರೆ ಕಣಣ್ಣಾ," ಎಂದೆ.

"ಕರ್ದಿರೋದು ಮನಸ್ಸಿಗೆ. ಕುರ್ಚಿಗಲ್ಲ," ಎಂದ ಜುಂಜಯ್ಯ.

ಒಪ್ಪಬೇಕಾದ ಮಾತೇ. ಹಿಂದೆ ಹೋಗಿ ಗೋಡೆಗೆ ಒರಗಿ ನಿಂತೆವು.

ನನ್ನ ಹೆಸರು ದುರ್ಗಿ. ಚಿತ್ರದುರ್ಗದಲ್ಲಿ ಬಿ.ಎ. ಓದುವಾಗ ಹಾಜರಿಯಲ್ಲಿ ದುರ್ಗೇಶ್ ಎಂದಿತ್ತು. ಬಾಲ ಕತ್ತರಿಸಿಕೊಂಡೆ, ದುರ್ಗಿ ಉಳಿದಳು. ಆಗ ಮೇಷ್ಟ್ರುಗಳ ದನಿ ಅಣಕಿಸಿದರೆ ಇಡೀ ಕ್ಲಾಸು ಚಪ್ಪಾಳೆ ತಟ್ಟುತ್ತಿತ್ತು. ಈಗ ಚಪ್ಪಾಳೆಯನ್ನೂ ನಾನೇ ತಟ್ಟಿಕೊಳ್ಳಬೇಕು, ಹಿರಿಯೂರು ಬಸ್ಸಿನಲ್ಲಿ.

ನನ್ನ ಪಕ್ಕದಲ್ಲಿ ನಮ್ಮ ಹಿರಿಯಳು ಬೋರಕ್ಕ. ಅವಳ ಪಕ್ಕದಲ್ಲಿ ಶಾಲಿನಿ, ತುರುವನೂರಿನ ಹುಡುಗಿ. ಇಬ್ಬರ ಸೆರಗಿಗೂ ಗಂಟು. ಅದು ಬೋರಕ್ಕನ ಏರ್ಪಾಡು. ಕಳೆದ ತಿಂಗಳು ನಮ್ಮ ಬಾಡಿಗೆ ಮನೆಯ ಸಾಮಾನನ್ನು ಮಾಲೀಕರು ರಸ್ತೆಗೆ ಎಸೆಸಿದ ದಿನ ಶಾಲಿನಿ ಮಾತು ಬಿಟ್ಟಳು. ಆಮೇಲೆ ಒಂದು ಬೆಳಗ್ಗೆ ಮಾರಿಕಣಿವೆ ಹಿನ್ನೀರಿನಲ್ಲಿ ಸೊಂಟದವರೆಗೆ ಇಳಿದವಳನ್ನು ಬೋರಕ್ಕ ಜಡೆ ಹಿಡಿದು ಎಳೆದು ತಂದಳು. ಅಂದಿನಿಂದ ಮಲಗಿದರೂ ಗಂಟು, ಎದ್ದರೂ ಗಂಟು. ಶಾಲಿನಿ ಉಣ್ಣೆಂದರೆ ಉಣ್ಣುತ್ತಾಳೆ, ಏಳೆಂದರೆ ಏಳುತ್ತಾಳೆ. ಮಾತು ಮಾತ್ರ ಇಲ್ಲ.

ಆ ಬಾಡಿಗೆ ಮನೆಯ ಮಾಲೀಕರು ಯಾರೆಂದರೆ, ಬ್ಯಾನರ್ ನೋಡಿ.

ನಾವು ಬಂದದ್ದು ಡಾಕ್ಟರಿಗಾಗಿ. ಮನಸ್ಸಿನ ಡಾಕ್ಟರು ಬರುತ್ತಾರೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾರೆ ಎಂದು ಶಿಬಿರ ನಡೆಸುವ ನಾಗರಾಜ್ ಮನೆಮನೆಗೆ ಹೇಳಿ ಹೋಗಿದ್ದ. ಡಾಕ್ಟರು ಬಂದೂ ಇದ್ದರು. ಸುಪ್ರಿಯಾ ಎಂದು, ಚಿಕ್ಕ ವಯಸ್ಸು, ಕನ್ನಡಕ. ಆದರೆ ವೇದಿಕೆಯ ಮೇಲೆ, ಹಾರ ಹಾಕಿಸಿಕೊಂಡು, ಇಬ್ಬರು ದೊಡ್ಡ ಮನುಷ್ಯರ ನಡುವೆ ಸಿಕ್ಕಿಹಾಕಿಕೊಂಡಿದ್ದರು.

ಬೋರಕ್ಕ ನಾಗರಾಜನನ್ನು ಕಂಬದ ಮರೆಗೆ ಕರೆದಳು. "ಸಾ, ಈ ಮಗೀನ ಒಂದ್ ಗಳಿಗೆ ಡಾಕ್ಟ್ರಮ್ಮನ ಮುಂದೆ ಕುಂದ್ರಸ್ರಿ. ನಿಮ್ ಕಾಲಿಗೆ ಬೀಳ್ತೀನಿ."

"ಆಗ್ತೈತೆ ಕಣಮ್ಮ, ಅದಕ್ಕೇ ಅಲ್ವಾ ಕಾರ್ಯಕ್ರಮ? ವಂದನಾರ್ಪಣೆ ಆಗ್ಲಿ ತಡಿ."

"ವಂದನಾರ್ಪಣೆ ಆದ್ಮೇಲೆ ಅವ್ರು ಹೊಳಲ್ಕೆರೆಗೆ ಹೊಂಟೋಯ್ತಾರಂತೆ? ಡ್ರೈವರ್ ಹೇಳ್ದ."

"ಹೌದು, ಅಲ್ಲೂ ಇಂಥದ್ದೇ ಐತೆ." ನಾಗರಾಜ್ ಗಡಿಯಾರ ನೋಡಿಕೊಂಡ. "ಮುಂದಿನ ತಿಂಗಳು ನೋಡಾಣ ಬಿಡು. ಏನಾಗೈತೆ ಈಗ, ಉಸಿರಾಡ್ತಾ ಅವ್ಳಲ್ಲ?"

ಅಷ್ಟು ಹೇಳಿ ಅವನು ಮೈಕಿಗೆ ಓಡಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಅವರೂ ನಮ್ಮಂತೆಯೇ ಮನುಷ್ಯರು!" ಎಂದ. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು; ಅವನೂ ಮನುಷ್ಯ ಎಂದು ಗೊತ್ತಾದ ಸಂತೋಷಕ್ಕೆ.

ಸ್ವಾಗತವಾಯಿತು, ದೀಪವಾಯಿತು, ಶಾಲು ಫಲ ತಾಂಬೂಲವಾಯಿತು. ಡಾಕ್ಟರು ಎರಡು ಸಲ ಎದ್ದು ನಾಗರಾಜನ ಕಿವಿಯಲ್ಲಿ ಏನೋ ಹೇಳಿದರು. ಎರಡು ಸಲವೂ ಅವನು ಕೈಮುಗಿದು ಕೂರಿಸಿದ. ಮುಖ್ಯ ಅತಿಥಿ ಮಾತಾಡುವಾಗ ವೇದಿಕೆ ಇಳಿದರೆ ಅವಮರ್ಯಾದೆ. ಹುಚ್ಚು ಹಿಡಿಯುವವರು ಹಿಡಿಸಿಕೊಳ್ಳಲಿ, ಮರ್ಯಾದೆ ಮುಖ್ಯ.

ಕೊಬ್ಬರಿ ಮಂಡಿಯ ಮಾಲೀಕರೂ ಬರುವ ಚುನಾವಣೆಯ ಅಭ್ಯರ್ಥಿಗಳೂ ಆದ ಚಿತ್ರಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಮನಸ್ಸು ಅಂಬೋದು ಏನ್ರಪ್ಪಾ? ಮನಸ್ಸು ಅಂಬೋದು ಒಂದು ಮನೆ ಇದ್ದಂಗೆ. ಮನೆ ಕ್ಲೀನಾಗಿರಬೇಕು..."

"...ಬ್ಯಾಡದೋರು ಒಳಗಿದ್ರೆ ಸಾಮಾನು ಬೀದಿಗೆ ಎಸೀಬೇಕು," ಎಂದು ಅವರದೇ ಗೊಗ್ಗರು ದನಿಯಲ್ಲಿ ನಾನು ಸಣ್ಣಗೆ ಪೂರ್ತಿ ಮಾಡಿದೆ. ಸುತ್ತಲಿನವರು ಕಿಸಕ್ಕೆಂದರು. ಶಾಲಿನಿ ನಗಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಬಾಗಿಲಲ್ಲಿ ಡಾಕ್ಟರ ಡ್ರೈವರು ಕೀಲಿಕೈ ತಿರುಗಿಸುತ್ತ ನಿಂತಿದ್ದ.

ಆಗ ನಾಗರಾಜ್ ಘೋಷಿಸಿದ: "ಈಗ ಮಂಗಳಮುಖಿಯರಿಂದ ಸನ್ಮಾನ್ಯರಿಗೆ ದೃಷ್ಟಿ ತೆಗೆಯುವ ಕಾರ್ಯಕ್ರಮ!" ಬೂದುಗುಂಬಳ, ಕುಂಕುಮ, ಕರ್ಪೂರ ಎಲ್ಲ ತಟ್ಟೆಯಲ್ಲಿ ತಯಾರಿತ್ತು. ವಿಡಿಯೋದವನೂ ತಯಾರಿದ್ದ. ನಮಗೆ ಬಾಡಿಗೆ ಮನೆ ಕೊಡದವರೂ ಹೊಸ ಮನೆಗೆ ನಮ್ಮ ಕೈಯಲ್ಲೇ ಕುಂಬಳ ಒಡೆಸುತ್ತಾರೆ. ನಮ್ಮ ಮುಖ ಅಪಶಕುನ. ಕೈ ಮಾತ್ರ ಶುಭ.

"ದುರ್ಗೀ, ನೀ ಹೋಗು, ನಿಂಗೆ ಬಾಯೈತೆ," ಎಂದು ನನ್ನನ್ನು ದೂಡಿದಳು ಬೋರಕ್ಕ. ಅವಳ ಕಣ್ಣು ಡ್ರೈವರಿನ ಕೀಲಿಕೈಯ ಮೇಲಿತ್ತು. ವೇದಿಕೆಯ ಪಕ್ಕದಲ್ಲಿ 'ವಧುವಿನ ಕೋಣೆ' ಎಂಬ ಫಲಕವಿದ್ದ ಬಾಗಿಲು. ಅದನ್ನು ನಾನೂ ನೋಡಿದೆ, ಅವಳೂ ನೋಡಿದಳು.

ನಾನು ವೇದಿಕೆ ಹತ್ತಿ ಚಪ್ಪಾಳೆ ತಟ್ಟಿದೆ.

"ಯಜಮಾನ್ರೇ, ಪೂರ್ವಕ್ಕೆ ಮುಖ ಮಾಡ್ಕಂಡು ಕುಂತ್ಕಳ್ರಿ. ಕಣ್ಣು ಮುಚ್ರಿ. ಮುಗಿಯಗಂಟ ಮಾತಾಡಂಗಿಲ್ಲ, ಮಿಸುಕಂಗಿಲ್ಲ. ಅರ್ಧಕ್ಕೆ ಎದ್ರೆ ತೆಗೆದ ದೃಷ್ಟಿ ದುಪ್ಪಟ್ಟಾಗಿ ವಾಪಸ್ ಬರ್ತೈತೆ. ಗೊತ್ತಲ್ಲ?"

"ಗೊತ್ತು ಕಣಮ್ಮ, ನಮ್ಮವ್ವ ಹೇಳ್ತಿದ್ಲು," ಎಂದು ಅವರು ಕಣ್ಣು ಮುಚ್ಚಿದರು.

"ಪಕ್ಕದಾಗಿರೋರು ಕೆಳಗಿಳೀರಿ. ಇವ್ರ ದೃಷ್ಟಿ ಯಾರ ಮ್ಯಾಲೆ ಹಾರ್ತೈತೋ ನಂಗೊತ್ತಿಲ್ಲ."

ಮೊದಲು ಹಾರಿದವನು ನಾಗರಾಜ್. ಶಾಲು ಎಡವಿಕೊಂಡು ಉಳಿದವರೂ ಇಳಿದರು. ಡಾಕ್ಟರ ಕಿವಿಯ ಬಳಿ ಬಗ್ಗಿ ಹೇಳಿದೆ: "ಅಮ್ಮಾ, ಆ ರೂಮಿನಾಗೆ ನಮ್ಮ ಹುಡುಗಿ ಕುಂತಿರ್ತಾಳೆ. ನೀರಿಗಿಳಿದಿದ್ಲು. ಮಾತು ನಿಂತೈತೆ. ನಾನು ಇವ್ರನ್ನ ಏಳಗೊಡಲ್ಲ, ನೀವು ಹೋಗ್ರಿ."

ಡಾಕ್ಟರು ನನ್ನ ಮುಖ ನೋಡಿದರು, ಕುಂಬಳಕಾಯಿ ನೋಡಿದರು. ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು ಒಳಗೆ ಹೋದರು. ಬೋರಕ್ಕ ಗಂಟು ಬಿಚ್ಚಿ ಶಾಲಿನಿಯನ್ನು ಒಳಕ್ಕೆ ಕಳಿಸಿ, ಬಾಗಿಲು ಹಾಕಿ, ಅದಕ್ಕೆ ಅಡ್ಡವಾಗಿ ಕಾಲು ಚಾಚಿ ಕೂತಳು.

ಕುಂಬಳದ ಮೇಲೆ ಕರ್ಪೂರ ಹಚ್ಚಿ ನಿವಾಳಿಸತೊಡಗಿದೆ.

"ಹಾದಿ ಕಣ್ಣು, ಬೀದಿ ಕಣ್ಣು, ನರಿ ಕಣ್ಣು, ನಾಯಿ ಕಣ್ಣು... ಬಸ್ಸಿನಾಗೆ ಕಂಡಕ್ಟ್ರು ಕಣ್ಣು: 'ಲೇಡೀಸ್ ಸೀಟಾ ಜೆಂಟ್ಸ್ ಸೀಟಾ ನಿಂದು? ನಿಂತ್ಕಾ ಹಂಗೇ!' ಥೂ! ಠಾಣೆ ಪೊಲೀಸಪ್ಪನ ಕಣ್ಣು: 'ಏಯ್, ಸೀರೆ ಎತ್ತಲೇ, ಚೆಕ್ ಮಾಡ್ತೀನಿ!' ಥೂ! ಆಸ್ಪತ್ರೆ ಚೀಟಿ ಕೊಡೋನ ಕಣ್ಣು: 'ಗಂಡ್ಸಂತ ಬರ್ಕಳ್ಲಾ, ಹೆಂಗ್ಸಂತ ಬರ್ಕಳ್ಲಾ, ಸುಮ್ನೆ ದೆವ್ವ ಅಂತ ಬರೀಲಾ?' ಥೂ, ಥೂ!"

ಸಭೆ ಮೊದಲು ನಕ್ಕಿತು. ದನಿಗಳು ಅವರಿಗೆ ಪರಿಚಿತ, ಕೆಲವು ಅವರವೇ. ಬರಬರುತ್ತ ನಗು ತೆಳುವಾಯಿತು.

"ಮುಗೀತೇನಮ್ಮಾ?" ಎಂದರು ಚಿತ್ರಲಿಂಗಪ್ಪ. ಹಣೆಯ ಕುಂಕುಮ ಬೆವರಿಗೆ ಮೂಗಿಗೆ ಇಳಿದಿತ್ತು.

"ಅಯ್ಯೋ, ಮಾತಾಡಿಬಿಟ್ರಲ್ಲ ಯಜಮಾನ್ರೇ! ಮತ್ತೆ ಮೊದ್ಲಿಂದ ಆಯ್ತು ನೋಡ್ರಿ ಈಗ." ಹೊಸ ಕರ್ಪೂರ ಹಚ್ಚಿದೆ. "ಹಾದಿ ಕಣ್ಣು, ಬೀದಿ ಕಣ್ಣು..."

ಡ್ರೈವರು ಬಂದು ಬೋರಕ್ಕನ ಮುಂದೆ ನಿಂತ. "ಏಳಮ್ಮ, ಡಾಕ್ಟ್ರನ್ನ ಕರೀಬೇಕು, ಲೇಟಾಗ್ತೈತೆ." "ದಾಟ್ಕಂಡು ಹೋಗಪ್ಪ ನಿಂಗೆ ಧೈರ್ಯ ಇದ್ರೆ," ಎಂದು ಬೋರಕ್ಕ ಎಲೆಯಡಿಕೆ ಚೀಲ ಬಿಚ್ಚಿದಳು. ನಾಗರಾಜ್ ವೇದಿಕೆಯ ಕೆಳಗಿನಿಂದ ಕೈ ಬೀಸಿ, "ಸಾಕು ದುರ್ಗೀ, ಊಟ ಆರ್ತೈತೆ!" ಎಂದು ಪಿಸುಗುಟ್ಟಿದ. ಮೇಲೆ ಮಾತ್ರ ಹತ್ತಲಿಲ್ಲ.

"ಬಾಡಿಗೆ ಮನೆ ಮಾಲೀಕ್ರ ಕಣ್ಣು," ಎಂದೆ. ಆ ಗೊಗ್ಗರು ದನಿ ನನ್ನ ಬಾಯಿಂದ ಮೈಕಿಗೇ ಹೋಯಿತು. "'ಮರ್ಯಾದಸ್ಥರ ಬೀದಿ ಕಣ್ರೇ ಇದು! ಆ ಚಕ್ಕಗಳ ಪಾತ್ರೆ ಪಗಡೆ ಎಲ್ಲ ಚರಂಡಿಗ್ ಹಾಕ್ರಲೇ! ಅತ್ರೆ ಅಳ್ಲಿ, ಸತ್ರೆ ಸಾಯ್ಲಿ!' ಥೂ!"

ಚಿತ್ರಲಿಂಗಪ್ಪನವರ ಕಣ್ಣು ತೆರೆಯಿತು. ಕುರ್ಚಿಯಿಂದ ಅರ್ಧ ಎದ್ದರು. ಹಲ್ಲು ಕಚ್ಚಿ, ಮೈಕಿಗೆ ಕೇಳದ ಹಾಗೆ ಹೇಳಿದರು: "ಖೋಜಾ ಸೂಳೆಮಗನೇ, ನಾಳೆಯಿಂದ ಈ ಊರಾಗೆ ಹೆಂಗೆ ಬಾಳ್ತೀಯ, ನಾನೂ ನೋಡ್ತೀನಿ."

"ನೋಡ್ತೀನಿ ಅಂದ್ರಲ್ಲ, ಅದೂ ಒಂದು ಕಣ್ಣೇ," ಎಂದೆ ಮೈಕಿನಲ್ಲಿ. "ಅದನ್ನೂ ತೆಗೀಬೇಕು. ಕುಂತ್ಕಳ್ರಿ."

ಅವರು ಸಭೆಯತ್ತ ನೋಡಿದರು. ಇಡೀ ಹೊಸದುರ್ಗದ ಮತದಾರರು ಅವರತ್ತ ನೋಡುತ್ತಿದ್ದರು. ವಿಡಿಯೋದವನ ಕೆಂಪು ದೀಪ ಉರಿಯುತ್ತಿತ್ತು. ಕರ್ಪೂರ ಇನ್ನೂ ಆರಿರಲಿಲ್ಲ. ಅರ್ಧ ಎದ್ದವರು ನಿಧಾನವಾಗಿ ಮತ್ತೆ ಕೂತರು. ಕಣ್ಣು ಮುಚ್ಚಿದರು.

ವಧುವಿನ ಕೋಣೆಯಿಂದ ಒಂದು ದನಿ ಬಂತು. ಮೊದಲು ಕೆಮ್ಮಿನಂತೆ, ಆಮೇಲೆ ಅಳುವಿನಂತೆ, ಆಮೇಲೆ ಒಂದರ ಹಿಂದೊಂದು ಮಾತುಗಳು. ಏನೆಂದು ತಿಳಿಯಲಿಲ್ಲ. ಬೋರಕ್ಕ ಎಲೆಯಡಿಕೆ ಕೈಯಲ್ಲೇ ಹಿಡಿದು, ಬಾಗಿಲಿಗೆ ತಲೆಯಾನಿಸಿದಳು.

ತಟ್ಟೆಯಲ್ಲಿ ಕರ್ಪೂರ ಮುಗಿಯುತ್ತ ಬಂದಿತ್ತು. ಕುಂಬಳ ಭಾರವಾಗಿತ್ತು. ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಮತ್ತೆ ಸುತ್ತತೊಡಗಿದೆ.