ಕೊಂಬಿನೂರಿನ ಬಸ್ಸು

ನನ್ನ ಗಂಡನ ಹೆಸರು ಕೊಚ್ಕೊರ್‌ಬಾಯ್. ಈಗ ಹೀಗೆ ಸಲೀಸಾಗಿ ಬರೆದುಬಿಟ್ಟೆ, ಆದರೆ ಅವರ ಜೊತೆ ನಲವತ್ತೊಂದು ವರ್ಷ ಬಾಳಿ ಒಂದು ಸಲವೂ ಈ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಸೊಸೆ ಮಾವನ ಹೆಸರು ಹೇಳುವುದಿಲ್ಲ. ಹೆಸರೊಂದೇ ಅಲ್ಲ, ಹೆಸರಿನೊಳಗೆ ಕೂತಿರುವ ಪದವನ್ನೂ ಬಿಡಬೇಕು. ಕೊಚ್ಕೊರ್ ಎಂದರೆ ಟಗರು. ಹಾಗಾಗಿ ನಮ್ಮ ಮನೆಯಲ್ಲಿ ಟಗರಿಗೆ ‘ಕೊಂಬಿನದು’ ಎನ್ನುತ್ತೇವೆ. ಘಾಟಿಯಾಚೆ ಕೊಚ್ಕೊರ್ ಎಂಬ ಊರೇ ಇದೆ, ಅದು ನಮಗೆ ಕೊಂಬಿನೂರು.

ಸೊಸೆ ಕನಿಶಾಯ್ ಮದುವೆಯಾಗಿ ಬಂದ ಮೊದಲ ವಾರ ಕಿಟಕಿಯಿಂದ ಇಣುಕಿ, “ಅಯ್ಯೋ, ಪಕ್ಕದ ಮನೆ ಕೊಚ್ಕೊರ್ ನಮ್ಮ ಹುಲ್ಲು ತಿಂತಿದೆ!” ಎಂದು ಕೂಗಿದ್ದಳು. ನಾನು ಸೌಟನ್ನು ಕಡಾಯಿಗೆ ಕುಟ್ಟಿ, “ನಿಮ್ಮ ಮಾವ ಒಳಗೆ ಚಹಾ ಕುಡೀತಿದಾರೆ ಕಣೇ, ಹುಲ್ಲು ತಿನ್ನೋಕೆ ಯಾವಾಗ ಹೋದ್ರು?” ಎಂದು ಗದರಿದೆ. ಒಳಗೆ ಅವರು ಚಹಾ ನೆತ್ತಿಗೇರುವಷ್ಟು ನಕ್ಕರು. ಹುಡುಗಿ ಆಮೇಲೆ ಎಂದೂ ತಪ್ಪಲಿಲ್ಲ.

ಅವರು ತೀರಿಕೊಂಡು ಮೂರು ವರ್ಷವಾಯಿತು. ಕಳೆದ ಶರತ್ಕಾಲದಲ್ಲಿ ಮಗ ತಲಾಂತ್ ಗಾರೆ ಕೆಲಸ ಮಾಡುವಾಗ ಅಟ್ಟಣೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಒಂದು ವರ್ಷ ನಿಲ್ಲಕೂಡದು ಎಂದರು ಡಾಕ್ಟರು. ಅಂದಿನಿಂದ ಕನಿಶಾಯ್ ಕೆಲಸ ಹುಡುಕಿದಳು. ನಮ್ಮೂರು ನರೀನಿನಲ್ಲಿ ಅವಳು ತಟ್ಟದ ಬಾಗಿಲಿಲ್ಲ. ಶಾಲೆಯಲ್ಲಿ ಇರುವ ಮೇಷ್ಟ್ರುಗಳಿಗೇ ಪಾಠ ಸಾಲದಂತೆ. ಔಷಧಿ ಅಂಗಡಿಯಲ್ಲಿ ಅನುಭವ ಬೇಕಂತೆ. ಸಾಬೂನು ಮಾರುವ ಅಂಗಡಿಯಲ್ಲಿ ಇಪ್ಪತ್ತೈದರೊಳಗಿನ ಮುಖವೇ ಬೇಕಂತೆ, ಇವಳಿಗೆ ಮೂವತ್ತಮೂರು. ಎಲ್ಲರೂ ಫೋನ್ ನಂಬರು ಬರೆದುಕೊಂಡರು. ಹಿಟ್ಟು ನಾದುವಾಗಲೂ ಅವಳು ಫೋನನ್ನು ಕಣ್ಣೆದುರು ಇಟ್ಟುಕೊಳ್ಳುತ್ತಿದ್ದಳು. ಎಂಟು ತಿಂಗಳಲ್ಲಿ ಬಂದದ್ದು ಎರಡು ಕರೆ, ಎರಡೂ ಯಾರದೋ ತಪ್ಪು ನಂಬರು.

ಮಾಸ್ಕೋದಲ್ಲಿ ಆಸ್ಪತ್ರೆಯ ನೆಲ ಒರೆಸುವ ಅವಳ ಚಿಕ್ಕಪ್ಪನ ಮಗಳು, ತಿಂಗಳ ಕೊನೆಯವರೆಗೆ ನಿನಗೊಂದು ಜಾಗ ಹಿಡಿದಿಟ್ಟಿರುತ್ತೇನೆ, ಬಾ ಎಂದಿದ್ದಳು. ಇಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಅಲ್ಲಿಗೆ ಹೋದ ತಾಯಂದಿರು ಮಕ್ಕಳನ್ನು ಫೋನಿನ ಗಾಜಿನಲ್ಲೇ ಬೆಳೆಸುವುದನ್ನು ನಮ್ಮ ಬೀದಿಯಲ್ಲೇ ಮೂರು ಮನೆಯಲ್ಲಿ ನೋಡಿದ್ದೇನೆ.

ಆಗ ಬಸ್ ನಿಲ್ದಾಣದ ಗೋಡೆಗೆ ಒಂದು ಕಾಗದ ಅಂಟಿಸಿದರು. ಬಸ್ಸು ಹೊರಡುವುದನ್ನು ಮೈಕಿನಲ್ಲಿ ಕೂಗಿ ಹೇಳಲು ಒಬ್ಬರು ಬೇಕಂತೆ. ಮೂರನೇ ಬಾಗಿಲಲ್ಲಿ ಕೂತು ಕುರುತ್, ಅಂದರೆ ಒಣಗಿಸಿದ ಮೊಸರಿನ ಉಂಡೆ, ಮಾರುವವಳು ನಾನು. ಅಂಟು ಒಣಗುವ ಮೊದಲೇ ಮನೆಗೆ ಓಡಿದೆ. ಕನಿಶಾಯ್‌ದು ಒಳ್ಳೆಯ ಧ್ವನಿ. ಅವಳು ಬೈದರೂ ಇನ್ನಷ್ಟು ಬೈಯಲಿ ಎನಿಸುತ್ತದೆ.

ಒಂದು ಕುರ್ಚಿಗೆ ಐವತ್ತೆಂಟು ಅರ್ಜಿ. ಹನ್ನೆರಡು ಜನರನ್ನು ಕರೆದರು. ಅವತ್ತಿನ ಬಸ್ಸುಗಳ ಪಟ್ಟಿಯನ್ನು ನಿಲ್ದಾಣಕ್ಕೆಲ್ಲ ಕೇಳುವಂತೆ ಮೈಕಿನಲ್ಲಿ ಓದುವುದೇ ಪರೀಕ್ಷೆ. ಮೂರು ದಿನ ಅವಳು ಅಡುಗೆಮನೆಯಲ್ಲಿ ಆ ಪಟ್ಟಿ ಓದಿ ಅಭ್ಯಾಸ ಮಾಡಿದಳು. ಒಂದು ಊರು ಬಂದಾಗ ಮಾತ್ರ ಉಗುಳು ನುಂಗಿ ಮುಂದಿನದಕ್ಕೆ ಹಾರುತ್ತಿದ್ದಳು. ನಾನು ಗಮನಿಸಿ ಒಳಗೊಳಗೇ ಉಬ್ಬಿದೆ. ಎಂಥ ಸೊಸೆ! ಮೈಕಿನ ಮುಂದೆ ಏನು ಮಾಡುತ್ತಾಳೆಂದು ಯೋಚಿಸಲೇ ಇಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಪರೀಕ್ಷೆಯ ದಿನ ನಿಲ್ದಾಣದ ವ್ಯಾಪಾರಿಗಳೆಲ್ಲ ಕಿವಿ ನಿಮಿರಿಸಿ ಕೂತಿದ್ದೆವು. ಪಕ್ಕದಲ್ಲಿ ಸಂಸಾ, ಅಂದರೆ ಒಲೆಯಲ್ಲಿ ಸುಟ್ಟ ಮಾಂಸದ ಕಡುಬು, ಮಾರುವ ತುರ್ಸುನಾಯ್ ಒಬ್ಬೊಬ್ಬರಿಗೂ ತೀರ್ಪು ಕೊಡುತ್ತಿದ್ದಳು.

“ಇವಳಿಗೆ ನೆಗಡಿ. ಇವಳು ಬಸ್ ಕಳಿಸ್ತಿದಾಳೋ ಕುರಿ ಅಟ್ತಿದಾಳೋ? ಇದ್ಯಾರಮ್ಮ, ಸತ್ತೋರ ಪಟ್ಟಿ ಓದ್ದಂಗೆ ಓದ್ತಾಳೆ!”

ಏಳನೆಯವಳು ಕನಿಶಾಯ್. “ಪ್ರಯಾಣಿಕರೇ, ಬಿಷ್ಕೆಕ್‌ಗೆ ಹೋಗುವವರು ಒಂದನೇ ಬಾಗಿಲಿಗೆ ಬನ್ನಿ.” ತುರ್ಸುನಾಯ್ ಸಂಸಾ ಮುಚ್ಚುವುದನ್ನೂ ಮರೆತಳು. “ಆತ್‌ಬಾಶಿಗೆ ಹೋಗುವವರು ಎರಡನೇ ಬಾಗಿಲಿಗೆ ಬನ್ನಿ.” ಆಮೇಲೆ ಮೈಕಿನಲ್ಲಿ ಕಾಗದ ಸರಿದ ಸದ್ದು. ಮುಂದಿನ ಊರು ಯಾವುದೆಂದು ಆಗ ಹೊಳೆಯಿತು ನನಗೆ.

“ಕೊಂಬಿನೂರಿಗೆ ಹೋಗುವವರು ಮೂರನೇ ಬಾಗಿಲಿಗೆ ಬನ್ನಿ.”

ಇಡೀ ನಿಲ್ದಾಣ ಗೊಳ್ಳೆಂದಿತು. ಒಬ್ಬ ಡ್ರೈವರ್, “ಬಾಲದೂರಿಗೆ ಎಷ್ಟೊತ್ತಿಗೆ ತಂಗಿ?” ಎಂದು ಕೂಗಿದ. “ಯಾವೂರಂತೆ?” ಎಂದು ಒಬ್ಬ ಮುದುಕ ಗಂಟು ಎತ್ತಿಕೊಂಡು ಬಾಗಿಲಿಂದ ಬಾಗಿಲಿಗೆ ಅಲೆದ. ನಾನು ಕುರುತ್ ಬುಟ್ಟಿಯನ್ನು ತುರ್ಸುನಾಯ್ ಮಡಿಲಿಗೆ ತಳ್ಳಿ ಮೆಟ್ಟಿಲು ಹತ್ತಿದೆ.

ಮೈಕಿನ ಕೋಣೆಯಲ್ಲಿ ನಿಲ್ದಾಣದ ಮುಖ್ಯಸ್ಥ ಬೈಶೆನ್ ತಲೆ ಮೇಲೆ ಕೈಹೊತ್ತು ಕೂತಿದ್ದ. ಒಳ್ಳೆಯ ಮನುಷ್ಯ, ಆದರೆ ಅವನೂ ಬಸ್ಸು ಹೊರಡಿಸಬೇಕಲ್ಲ.

“ತಂಗೀ, ನಿನ್ನ ಧ್ವನಿ ಬಂಗಾರ. ಆದ್ರೆ ಜನ ಆ ಊರಿಗೆ ಟಿಕೆಟ್ ಎಲ್ಲಿ ತಗೋಬೇಕು ಹೇಳು? ಮುಂದಿನೋರನ್ನ ಕರೀತೀನಿ.”

“ಸ್ವಲ್ಪ ತಡಿಯಪ್ಪ,” ಎಂದು ನುಗ್ಗಿದೆ. “ಕನಿಶಾಯ್, ಹೇಳೇ ಆ ಹೆಸರು. ನಾನೇ ಹೇಳ್ತಿದೀನಿ, ಹೇಳು.”

ಅವಳು ತಲೆಯಾಡಿಸಿದಳು. ಕಣ್ಣು ತುಂಬಿತ್ತು. “ನಾಲಿಗೆ ಏಳ್ತಿಲ್ಲ ಅತ್ತೆ.”

“ನನ್ನ ಹೆದರಿಕೆನಾ? ಸೌಟು ತಂದಿಲ್ಲ ನೋಡು.”

“ನಿಮ್ಮ ಹೆದರಿಕೆ ಅಲ್ಲ. ಮಗು ಹುಟ್ಟುವಾಗ ಮಾವ ಎರಡು ದಿನ ಆಸ್ಪತ್ರೆ ಮೆಟ್ಟಿಲ ಮೇಲೇ ಕೂತಿದ್ರು, ಹಿಮ ಬೀಳ್ತಿತ್ತು. ಸಾಯೋವರೆಗೂ ನನ್ನ ‘ಮಗಳೇ’ ಅಂತಲೇ ಕರೆದ್ರು. ಹೊಟ್ಟೆಪಾಡಿಗೆ ಅಂತ ಅವರ ಹೆಸರನ್ನ ಬೀದಿಗೆಲ್ಲ ಕೇಳೋ ಹಾಗೆ ಕೂಗಲಾ? ಮಾಸ್ಕೋಗೇ ಹೋಗ್ತೀನಿ ಬಿಡಿ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಅವಳಿಗೆ ಹೀಗೆ ಕಲಿಸಿದ ನನ್ನ ಮೇಲೆ, ಇಂಥ ಹೆಸರಿಟ್ಟ ಅವರ ಅಪ್ಪನ ಮೇಲೆ, ಹೇಳದೆ ಕೇಳದೆ ಹೊರಟುಹೋದ ಅವರ ಮೇಲೆ. ಮೈಕನ್ನು ನನ್ನ ಕಡೆ ಎಳೆದುಕೊಂಡೆ.

“ಕೊಚ್ಕೊರ್,” ಎಂದೆ.

ಅದು ಹೊರಗಿನ ಆರೂ ಕಂಬಗಳ ಸ್ಪೀಕರುಗಳಿಂದ ನನಗೇ ತಿರುಗಿ ಕೇಳಿಸಿತು. ಮುದಿ ಧ್ವನಿ, ಒಡಕು ಧ್ವನಿ. ಊರು ಕೂಗಲು ಹೋದವಳು ನಾನು, ಬಾಯಿಗೆ ಬಂದದ್ದು ಬೇರೆ. “ಕೊಚ್ಕೊರ್‌ಬಾಯ್,” ಎಂದೆ. “ಸೊಸೆ ನಿಮ್ಮ ಹೆಸರು ಹೇಳ್ಬೇಕಂತೆ ರೀ. ಕೆಲಸ ಸಿಗುತ್ತಂತೆ. ಹೇಳ್ಲಿ ಬಿಡಿ.”

ಕೆಳಗೆ ಯಾರೂ ನಗಲಿಲ್ಲ. ಬೈಶೆನ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ನನಗೆ ಅಳು ಬಂತು. ಕನಿಶಾಯ್ ನನ್ನ ಕೈಯಿಂದ ಮೈಕು ಬಿಡಿಸಿಕೊಂಡಳು, ಇನ್ನೊಂದು ಕೈಯಲ್ಲಿ ನನ್ನ ಬೆನ್ನು ಸವರಿದಳು.

“ಪ್ರಯಾಣಿಕರೇ, ಕೊಚ್ಕೊರ್‌ಗೆ ಹೋಗುವವರು ಮೂರನೇ ಬಾಗಿಲಿಗೆ ಬನ್ನಿ. ಸಾಮಾನು ಮರೀಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ.”

ಗಂಟಿನ ಮುದುಕ ನೆಟ್ಟಗೆ ಮೂರನೇ ಬಾಗಿಲಿಗೆ ಬಂದ. ಅವನ ಹಿಂದೆ ಬೆಂಚಿನಲ್ಲಿದ್ದವರೂ ಎದ್ದು ಬಂದರು. ಬೈಶೆನ್ ಕಿಟಕಿಯಿಂದ ಅದನ್ನೇ ನೋಡುತ್ತಿದ್ದ. ಉಳಿದ ಐವರನ್ನೂ ಕೇಳಿಸಿಕೊಂಡು ಸಂಜೆ ನಾಲ್ಕಕ್ಕೆ ಇವಳನ್ನು ಕರೆದ.

“ಮಿಕ್ಕೋರೆಲ್ಲ ಚೆನ್ನಾಗೇ ಓದಿದ್ರು,” ಎಂದ. “ಆದ್ರೆ ಅವರು ಓದಿದಾಗ ಒಬ್ಬರೂ ಎದ್ದು ಹೋಗ್ಲಿಲ್ಲ. ಸೋಮವಾರ ಆರು ಗಂಟೆಗೆ ಬಾ. ಅತ್ತೆನ ಮಾತ್ರ ಕೆಳಗೇ ಬಿಟ್ಟು ಬಾ.”

ಕೊಚ್ಕೊರ್‌ಗೆ ದಿನಕ್ಕೆ ನಾಲ್ಕು ಬಸ್ಸು. ಕನಿಶಾಯ್ ಪಟ್ಟಿಯನ್ನೆಲ್ಲ ನೀರು ಕುಡಿದಂತೆ ಓದುತ್ತಾಳೆ. ಆ ಒಂದು ಹೆಸರಿನ ಮುಂದೆ ಮಾತ್ರ ಈಗಲೂ ಅವಳಿಗೆ ಅರೆಗಳಿಗೆ ತಡವಾಗುತ್ತದೆ. ಹೊಸಬರು ಮೈಕು ಕೆಟ್ಟಿದೆ ಅಂದುಕೊಳ್ಳುತ್ತಾರೆ. ಆ ಅರೆಗಳಿಗೆಯಲ್ಲಿ ಬುಟ್ಟಿಯ ಹಿಂದೆ ಕೂತ ನಾನು ಮೆಲ್ಲಗೆ ಅವರನ್ನು ಹೆಸರು ಹಿಡಿದು ಕರೆಯುತ್ತೇನೆ. ಎಷ್ಟು ಚೆಂದದ ಹೆಸರು. ಅವರು ಬದುಕಿದ್ದಾಗ ಒಂದೇ ಒಂದು ಸಲ ಹೀಗೆ ಕರೆದಿದ್ದರೆ ಹೇಗೆ ತಿರುಗಿ ನೋಡುತ್ತಿದ್ದರೋ ಏನೋ.